ಮಲಗಿರದ ಮೆದುಳನ್ನು ಎಬ್ಬಿಸುವವರು

'ಮಿಡ್‌ಬ್ರೈನ್ ಆಕ್ಟಿವೇಷನ್' ಎಂಬ ವ್ಯಾಪಾರವನ್ನು ಮೋಸ ಎನ್ನಲು ನಾವು ಇಷ್ಟು ಹಿಂಜರಿಯುವುದೇಕೆ? ಆಲ್ಫಾ ಅಲೆಗಳ ಸಂಗೀತ ಕೇಳಿಸಿ ಮಗುವಿನ ಮಧ್ಯಮೆದುಳನ್ನು ಎಬ್ಬಿಸುತ್ತಾರಂತೆ. ಆಮೇಲೆ ಮಗು ಕಣ್ಣಿಗೆ ಬಟ್ಟೆ ಕಟ್ಟಿಕೊಂಡೇ ಓದುತ್ತದಂತೆ. ನಾನು ಮೆದುಳಿನ ಲಯಗಳ ಮೇಲೆ ಪಿಎಚ್‌.ಡಿ. ಮಾಡುತ್ತಿದ್ದೇನೆಂದು ಗೊತ್ತಾದ ಕೂಡಲೇ ಅರಸೀಕೆರೆ, ಬೇಲೂರು ಕಡೆಯ ನೆಂಟರು ಕೇಳುವುದು ಇದನ್ನೇ: 'ಮಗೂನ ಸೇರಿಸಬಹುದಾ?'

ಬೇಡ. ಮಧ್ಯಮೆದುಳು ಸುಮಾರು 2 ಸೆಂಟಿಮೀಟರ್ ಉದ್ದದ ಭಾಗ. ಕಣ್ಣು ಹೊರಳಿಸಲು, ಸದ್ದಿನತ್ತ ತಲೆ ತಿರುಗಿಸಲು ಅದು ಬೇಕು. ಅಲ್ಲಿನ ಡೋಪಮೈನ್ ಕೋಶಗಳು ಸಾಯುತ್ತ ಹೋದರೆ ಬರುವುದು ಪಾರ್ಕಿನ್ಸನ್ ಕಾಯಿಲೆ. ನಿಮ್ಮ ಮಗು ಅತ್ತಿತ್ತ ನೋಡುತ್ತಿದೆ ಎಂದರೆ ಅದು ಎದ್ದೇ ಇದೆ. ಇನ್ನು ಆಲ್ಫಾ: ಸೆಕೆಂಡಿಗೆ 8ರಿಂದ 12 ಬಾರಿ ಏರಿಳಿಯುವ ಲಯ, ಹಾನ್ಸ್ ಬರ್ಗರ್ 1929ರಲ್ಲಿ ವರದಿ ಮಾಡಿದ್ದು. ಸುಮ್ಮನೆ ಕಣ್ಣು ಮುಚ್ಚಿದರೂ ಜೋರಾಗುತ್ತದೆ. ಶುಲ್ಕವಿಲ್ಲ.

ಓದುವ ಗುಟ್ಟು ಮೂಗಿನ ಪಕ್ಕದ ಸಂದಿಯಲ್ಲಿದೆ. ಮಂಗಳೂರಿನ ನರೇಂದ್ರ ನಾಯಕ್ ಇದನ್ನು ವರ್ಷಗಳಿಂದ ಬಯಲು ಮಾಡುತ್ತ ಬಂದಿದ್ದಾರೆ. ನನಗೆ ಸಂಕಟವಾಗುವುದು ಹೋದ ದುಡ್ಡಿಗಲ್ಲ. ತಾನು ಇಣುಕುತ್ತಿದ್ದೇನೆಂದು ಮಗುವಿಗೆ ಗೊತ್ತು. ಎದುರಿಗೆ ಅಪ್ಪ ಅಮ್ಮ ಚಪ್ಪಾಳೆ ತಟ್ಟುತ್ತಿದ್ದಾರೆ. ಒಂಬತ್ತು ವರ್ಷದ ಮಗು ಏನು ಹೇಳಬೇಕು?

'ವಿಜ್ಞಾನಕ್ಕೆ ಎಲ್ಲಾ ಗೊತ್ತಾ?' ಎನ್ನುತ್ತಾರೆ. ಗೊತ್ತಿರುವಷ್ಟೇ ಸಾಕಷ್ಟು ಸೊಗಸಾಗಿದೆ. ಗಾಢ ನಿದ್ದೆಯಲ್ಲಿ ಕಾರ್ಟೆಕ್ಸ್‌ನಲ್ಲಿ ಸೆಕೆಂಡಿಗೆ ಒಂದಕ್ಕಿಂತ ನಿಧಾನವಾದ ಅಲೆ ಏಳುತ್ತದೆ. ಆಳದ ಥಲಾಮಸ್‌ನಿಂದ 11ರಿಂದ 16 ಹರ್ಟ್ಜ್‌ನ 'ಸ್ಪಿಂಡಲ್' ಬರುತ್ತದೆ, ಹಿಪ್ಪೊಕ್ಯಾಂಪಸ್‌ನಿಂದ ಅದಕ್ಕಿಂತ ಎಷ್ಟೋ ವೇಗದ 'ರಿಪಲ್'. ಅರಸೀಕೆರೆ ಜಂಕ್ಷನ್ ಬಲ್ಲವರಿಗೆ ಉಳಿದದ್ದು ಸುಲಭ: ಹುಬ್ಬಳ್ಳಿ ಕಡೆಯಿಂದ ಬಂದು ಹಾಸನದ ರೈಲು ಹತ್ತಬೇಕಾದರೆ ಎರಡರ ಹೊತ್ತೂ ಕೂಡಬೇಕು. ಇಲ್ಲದಿದ್ದರೆ ಪ್ಲಾಟ್‌ಫಾರಂನಲ್ಲಿ ಕೂತು ತೆಂಗಿನಮರ ಎಣಿಸಬೇಕು. ಈ ಮೂರು ಲಯಗಳ ಹೊತ್ತು ಕೂಡಿದಾಗ ಹಗಲು ಕಲಿತದ್ದು ಗಟ್ಟಿಯಾಗುತ್ತದೆ. ನಿದ್ದೆಯಲ್ಲಿ ರಿಪಲ್‌ಗಳಿಗೆ ಅಡ್ಡಿ ಮಾಡಿದ ಇಲಿಗಳು ದಾರಿಯನ್ನು ಸರಿಯಾಗಿ ಕಲಿಯಲಿಲ್ಲ.

ಆದರೆ ಆಲ್ಫಾ ಸಂಗೀತಕ್ಕೆ ದುಡ್ಡು ಕಟ್ಟುವ ಅದೇ ತಂದೆತಾಯಿಯರು ಮಗುವನ್ನು ಬೆಳಗಿನ ಐದಕ್ಕೆ ಎಬ್ಬಿಸಿ ಟ್ಯೂಷನ್ನಿಗೆ ಅಟ್ಟುತ್ತಾರೆ. ಸ್ಪಿಂಡಲ್‌ಗಳು ಹೇರಳವಾಗಿರುವ ಹೊತ್ತದು.

ಇಂಥ ತರಗತಿಗಳಿಗೆ ಸಭಾಂಗಣ ಬಿಟ್ಟುಕೊಡುವ ಶಾಲೆಗಳಿಗೆ, ಅವು ಅರಸೀಕೆರೆಯವಾಗಲಿ ಹಳೇಬೀಡಿನವಾಗಲಿ, ನನ್ನದೊಂದೇ ಬೇಡಿಕೆ. ಬಾಡಿಗೆ ಪಡೆಯುವ ಮುನ್ನ ಮಗುವಿನ ಗಲ್ಲಕ್ಕೂ ಪುಸ್ತಕಕ್ಕೂ ನಡುವೆ ಒಂದು ರಟ್ಟು ಹಿಡಿದು, ಈಗ ಓದಿಸಿ ಎನ್ನಿ. ಮಗುವನ್ನಲ್ಲ, ತರಬೇತುದಾರನನ್ನು ಎಲ್ಲರೆದುರು ಕೇಳಿ.