ರೋಗಿಯ ಬದಲು ಮಾದರಿ ಪ್ರಯಾಣ ಮಾಡಲಿ

ಮಲದಲ್ಲಿ ರಕ್ತ ಕಂಡೊಡನೆ ಮೂಲವ್ಯಾಧಿಯೆಂದು ಬಗೆದು ಸುಮ್ಮನಾಗುವುದು ನಮ್ಮಲ್ಲಿ ಹಲವರ ರೂಢಿ. ಅದು ದೊಡ್ಡಕರುಳಿನ ಒಳಪದರವು ಉರಿಯೂತದಿಂದ ಹುಣ್ಣಾಗುವ ‘ಅಲ್ಸರೇಟಿವ್ ಕೊಲೈಟಿಸ್’ ಎಂಬ ದೀರ್ಘವ್ಯಾಧಿಯೂ ಆಗಿರಬಹುದು. ತಾರುಣ್ಯದಲ್ಲಿಯೇ ಅದು ತಲೆದೋರುವುದುಂಟು.

ಉರಿಯೂತವಿದ್ದೆಡೆಗೆ ನ್ಯೂಟ್ರೊಫಿಲ್ ಎಂಬ ಬಿಳಿಯ ರಕ್ತಕಣಗಳು ಧಾವಿಸುತ್ತವೆ. ಅವುಗಳೊಳಗಿನ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪ್ರೋಟೀನು ಮಲದೊಡನೆ ಹೊರಬರುತ್ತದೆ. ನಾರ್ವೆಯ ವಿಜ್ಞಾನಿಗಳು 1980ರಲ್ಲಿ ವರ್ಣಿಸಿದ ಈ ವಸ್ತುವು ಒಂದು ಗ್ರಾಂ ಮಲದಲ್ಲಿ 50 ಮೈಕ್ರೊಗ್ರಾಮಿಗಿಂತ ಕಡಮೆಯಿದ್ದರೆ ಕರುಳಿನಲ್ಲಿ ಉರಿಯೂತವಿರುವ ಸಂಭವ ಅಲ್ಪ. ಹೆಚ್ಚಿದ್ದರೆ ಉರಿಯೂತ ಉಂಟೆಂದಷ್ಟೇ ಅರ್ಥ. ಆಮಶಂಕೆಯಲ್ಲಿಯೂ ಅದು ಏರುತ್ತದೆ. ಉಷ್ಣಮಾಪಕವು ಜ್ವರವನ್ನು ತೋರಿಸುವುದೇ ಹೊರತು ಅದರ ಕಾರಣವನ್ನಲ್ಲ. ಆದುದರಿಂದ ರೋಗನಿರ್ಣಯಕ್ಕೆ ಕೊಲೊನೊಸ್ಕೊಪಿ ಬೇಕೇ ಬೇಕು.

ಆದರೆ ನಿರ್ಣಯವಾದ ಮೇಲೆ, ರೋಗ ಶಮನವಾಗಿದೆಯೋ ಮರುಕಳಿಸುತ್ತಿದೆಯೋ ಎಂದರಿಯಲು ಕೊಪ್ಪಳ ಜಿಲ್ಲೆಯ ಇಟಗಿಯಂಥ ಊರಿನವರು ಪ್ರತಿಸಲವೂ ದೂರದ ನಗರಕ್ಕೆ ಅಲೆಯಬೇಕೆ? ಬಿಸಿಲಿನಿಂದ ಕಾಪಾಡಿದರೆ ಈ ಪ್ರೋಟೀನು ಒಂದೆರಡು ದಿನ ಕೆಡದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಾದರಿಯನ್ನು ಪಡೆದು ಪ್ರಯೋಗಾಲಯಕ್ಕೆ ಕಳುಹಿಸುವ ಏರ್ಪಾಡು ಆಗತಕ್ಕದ್ದು. ಅದಕ್ಕೂ ಮೊದಲು ಸಂಕೋಚ ತೊಲಗಬೇಕು. ವಿದ್ಯಾರ್ಥಿಗಳೇ, ರಕ್ತ ಕಂಡರೆ ಮರೆಮಾಡದೆ ವೈದ್ಯರಿಗೆ ತಿಳಿಸಿರಿ.