ಮಲ್ಲಿಗೆ ಕಿಕ್ಕೇರಿಯದು, ಹೆಸರು ಮೈಸೂರಿನದು

ಮೊನ್ನೆ ಕೆ.ಆರ್. ಪೇಟೆ ಕಡೆಯ ಕಾಲೇಜೊಂದರಲ್ಲಿ ಸಿನಿಮಾ ಕ್ವಿಜ್ ಇತ್ತು. ‘ಮೈಸೂರು ಮಲ್ಲಿಗೆ’ ಚಿತ್ರದ ನಿರ್ದೇಶಕರು ಯಾರು ಅಂದಾಗ ಎಲ್ಲ ತಂಡಗಳೂ ಕೈ ಎತ್ತಿದವು. ಟಿ.ಎಸ್. ನಾಗಾಭರಣ. ಸಂಗೀತ? ಸಿ. ಅಶ್ವತ್ಥ್. ನಾಯಕಿ ಸುಧಾರಾಣಿ ಅನ್ನುವುದೂ ಗೊತ್ತಿತ್ತು. ಹಾಡು ಬರೆದ ಕವಿಯ ಊರು ಯಾವುದು ಅಂದಾಗ ಒಬ್ಬ ಹುಡುಗ ಧೈರ್ಯವಾಗಿ ‘ಮೈಸೂರು’ ಅಂದ. ಅವನು ದಿನಾ ಬಸ್ ಹತ್ತುವುದು ಕಿಕ್ಕೇರಿಯಲ್ಲಿ.

ಕೆ.ಎಸ್. ನರಸಿಂಹಸ್ವಾಮಿಯವರು ಹುಟ್ಟಿದ್ದು ಅದೇ ಕಿಕ್ಕೇರಿಯಲ್ಲಿ, 1915ರ ಜನವರಿ 26ರಂದು.

ಹುಡುಗನನ್ನು ಬೈದು ಫಲವಿಲ್ಲ. ಹೆಸರಲ್ಲೇ ಮೈಸೂರಿದೆ. ಕವಿ ಹುಟ್ಟಿದಾಗ ಮಂಡ್ಯ ಜಿಲ್ಲೆಯೇ ಇರಲಿಲ್ಲ. ಮೈಸೂರು ಜಿಲ್ಲೆಯಿಂದ ಅದು ಬೇರೆಯಾದದ್ದು 1939ರಲ್ಲಿ. ಮೂರು ವರ್ಷ ಕಳೆದು, 1942ರಲ್ಲಿ ಕವನ ಸಂಕಲನ ಬಂತು. ಆಗ ಕವಿಗೆ 27 ವರ್ಷ. ಅದನ್ನು ಆಧರಿಸಿದ ಸಿನಿಮಾಕ್ಕೆ 39ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಕನ್ನಡ ಚಿತ್ರ ಪ್ರಶಸ್ತಿ ಸಿಕ್ಕಿತು. ಅತ್ಯುತ್ತಮ ಗೀತರಚನೆ ಪ್ರಶಸ್ತಿ ಕೆ.ಎಸ್.ನ. ಅವರಿಗೇ ಬಂತು. ಯಾವ ನಿರ್ಮಾಪಕರಿಗಾಗಿಯೂ ಬರೆದದ್ದಲ್ಲ, ಸಿನಿಮಾ ದೃಶ್ಯಕ್ಕೆ ಹೊಂದಿಸಿದ್ದೂ ಅಲ್ಲ. ಹೆಚ್ಚುಕಡಿಮೆ ಐವತ್ತು ವರ್ಷ ಹಳೆಯ ಪದ್ಯಗಳು. ಕ್ವಿಜ್‌ನಲ್ಲಿ ಕೇಳಬೇಕಾದ ಪ್ರಶ್ನೆ ಇದಲ್ಲವೇ? ಬಳೆಗಾರ ಚೆನ್ನಯ್ಯ, ಶಾನುಭೋಗರ ಮಗಳು ಇವರೆಲ್ಲ ಪರದೆಗೆ ಬರುವ ಮೊದಲೇ ನಮ್ಮ ಅಜ್ಜಿಯರ ಬಾಯಲ್ಲಿದ್ದವರು.

ಇದು ಒಂದು ಚಿತ್ರದ ಕಥೆ ಮಾತ್ರವಲ್ಲ. ಎಷ್ಟೋ ಸಿನಿಮಾ ಹಾಡುಗಳಲ್ಲಿ ಕುಣಿದ ಬೃಂದಾವನ ಇರುವುದು ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ. ಎಲ್ಲರ ಬಾಯಲ್ಲೂ ಅದು ‘ಮೈಸೂರಿನ ಬೃಂದಾವನ’. ಮೇಲುಕೋಟೆಯ ರಾಯಗೋಪುರದ ಕಂಬಗಳನ್ನು ಪರದೆಯಲ್ಲಿ ನೋಡಿದವರಲ್ಲಿ ಅದು ಪಾಂಡವಪುರ ತಾಲ್ಲೂಕು ಎಂದು ಬಲ್ಲವರು ಎಷ್ಟು ಮಂದಿ? ನಾಗಮಂಗಲದ ನಾಗತಿಹಳ್ಳಿ ಒಂದು ಪುಣ್ಯ ಮಾಡಿದೆ, ಚಂದ್ರಶೇಖರ್ ಅವರ ಹೆಸರಿಗೇ ಅಂಟಿಕೊಂಡಿದೆ. ಆದರೂ ‘ಅಮೆರಿಕಾ ಅಮೆರಿಕಾ’ ಅಂದರೆ ರಮೇಶ್ ನೆನಪಾಗುತ್ತಾರೆ, ಊರು ನೆನಪಾಗುವುದಿಲ್ಲ. ಅವರದೇ ‘ಕೊಟ್ರೇಶಿ ಕನಸು’ ಓದಬೇಕೆಂದು ಹಟ ಹಿಡಿದ ಹಳ್ಳಿ ಹುಡುಗನ ಕಥೆ. ಅದರಲ್ಲಿ ನಟಿಸಿದ ವಿಜಯ ರಾಘವೇಂದ್ರ ಅವರಿಗೆ ಬಾಲನಟ ರಾಷ್ಟ್ರಪ್ರಶಸ್ತಿ ಬಂತು. ಎರಡೂ ಚಿತ್ರಗಳಿಗೆ ಅತ್ಯುತ್ತಮ ಕನ್ನಡ ಚಿತ್ರ ರಾಷ್ಟ್ರಪ್ರಶಸ್ತಿ ಇದೆ.

ತಪ್ಪಿನಲ್ಲಿ ನಮ್ಮ ಪಾಲೂ ಇದೆ, ನಮ್ಮದು ಅಂದರೆ ಪತ್ರಿಕೋದ್ಯಮ ಓದಿದವರದು. ಮಂಡ್ಯ ಅಂದರೆ ಕಬ್ಬಿನ ಬಾಕಿ, ಕಾವೇರಿ ಗಲಾಟೆ ಎಂದು ಬರೆದು ಅಭ್ಯಾಸ. ಸಿನಿಮಾ ಸುದ್ದಿ ಬೆಂಗಳೂರಿನಿಂದ ಬರಬೇಕು! ಹಾಗಾಗಿ ಕ್ಯಾಮೆರಾ ಹಿಡಿಯಬೇಕು, ಬರೆಯಬೇಕು ಅನ್ನುವ ಇಲ್ಲಿನ ಹುಡುಗ ಹುಡುಗಿಯರಿಗೆ ಅದೆಲ್ಲ ಬೇರೆ ಊರಿನವರ ಕೆಲಸದಂತೆ ಕಾಣುತ್ತದೆ.

ಕ್ವಿಜ್ ಮಾಡುವ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ನಾಯಕಿ ಯಾರು ಎಂದು ಕೇಳಿ, ಬೇಡವೆನ್ನುವುದಿಲ್ಲ. ಅದರ ಜೊತೆಗೆ ಊರನ್ನೂ ಕೇಳಿ. ಜನವರಿ 26ರಂದು ಹೇಗೂ ಧ್ವಜ ಹಾರಿಸಲು ಎಲ್ಲರೂ ಶಾಲೆ ಮೈದಾನಕ್ಕೆ ಬರುತ್ತಾರೆ. ಅವತ್ತು ಸಂಜೆ ಕಿಕ್ಕೇರಿಯಲ್ಲಿ ಬಿಳಿ ಪರದೆ ಕಟ್ಟಿ ‘ಮೈಸೂರು ಮಲ್ಲಿಗೆ’ ತೋರಿಸೋಣ. ಪ್ರೊಜೆಕ್ಟರ್ ನಾವು ತರುತ್ತೇವೆ.