ಮೀನಿನ ವಂಶಪರೀಕ್ಷೆಯ ಅಗತ್ಯ

ಬಿತ್ತನೆಯ ರಾಗಿಯಲ್ಲಿ ಬೆರಕೆಯಿದ್ದರೆ ರೈತನು ತೆನೆಯನ್ನು ನೋಡಿ ಕಂಡುಹಿಡಿಯಬಲ್ಲನು. ನೀರಿನೊಳಗಣ ಬೆರಕೆಯಾದರೋ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಆದಕಾರಣ ಮರಿಮೀನುಗಳನ್ನು ಹೊಳೆಗಾಗಲಿ ಕೆರೆಗಾಗಲಿ ಬಿಡುವುದಕ್ಕೆ ಮೊದಲು ಅವುಗಳ ವಂಶವನ್ನು ಪರೀಕ್ಷಿಸತಕ್ಕದ್ದೆಂಬುದು ನಮ್ಮ ಅಭಿಪ್ರಾಯವು. ಇದಕ್ಕೆ ಟ್ರೌಟ್ ಮೀನಿನ ವೃತ್ತಾಂತವೇ ತಕ್ಕ ನಿದರ್ಶನವಾಗಿರುತ್ತದೆ.

ಯೂರೋಪು ಖಂಡದ ಸ್ಲೊವೀನಿಯ ದೇಶದಲ್ಲಿ ಸೋಚಾ ಎಂಬ ನದಿಯುಂಟು. ಮೈಮೇಲೆ ಅಮೃತಶಿಲೆಯಂತಹ ಗೆರೆಗಳುಳ್ಳ ಮಾರ್ಬಲ್ ಟ್ರೌಟ್ ಅಲ್ಲಿಯ ಸ್ವಂತ ಜಾತಿ. 1906ನೆಯ ಇಸವಿಯಿಂದ ಮೊದಲ್ಗೊಂಡು ಅದರ ದಾಯಾದಿಯಾದ ಕಂದು ಟ್ರೌಟನ್ನು ಹೊರಗಿನಿಂದ ತಂದು ಬಿಟ್ಟರು. ಎರಡೂ ಕೂಡಿ ಹುಟ್ಟಿದ ಬೆರಕೆ ಮೀನುಗಳು ತಾವೂ ಸಂತಾನವನ್ನು ಪಡೆಯಬಲ್ಲವಾದ್ದರಿಂದ, ಕಾಲಕ್ರಮದಲ್ಲಿ ದೊಡ್ಡ ಹೊಳೆಯಲ್ಲಿ ಶುದ್ಧವಂಶವು ಕರಗಿಹೋಯಿತು. ಜಲಪಾತಗಳ ಅಡ್ಡಿಯುಳ್ಳ ಮೇಲಣ ತೊರೆಗಳಲ್ಲಿ ಮಾತ್ರ ಕೆಲವು ಶುದ್ಧ ಕುಲಗಳು ಉಳಿದಿವೆಯೆಂಬುದು ವಂಶಪರೀಕ್ಷೆಯಿಂದ ಸ್ಥಿರಪಟ್ಟಿತು. 1993ರಲ್ಲಿ ಆರಂಭವಾದ ಪುನರುದ್ಧಾರವು ಇವುಗಳನ್ನೇ ಆಧಾರವಾಗಿಟ್ಟುಕೊಂಡಿತು.

ಈ ಪರೀಕ್ಷೆಯ ಕ್ರಮವೇನು? ಜಮೀನಿಗೆ ಗಡಿಕಲ್ಲುಗಳಿರುವಂತೆ ಜೀವಿಯ ವಂಶದ್ರವ್ಯದಲ್ಲಿಯೂ ಗುರುತುಗಳಿರುತ್ತವೆ. ಕೆಲವು ಸ್ಥಾನಗಳಲ್ಲಿ ಚಿಕ್ಕದೊಂದು ತುಣುಕು ಮತ್ತೆ ಮತ್ತೆ ಬರುತ್ತದೆ. ಎಷ್ಟು ಸಲ ಬರುವುದೆಂಬುದು ಕುಲದಿಂದ ಕುಲಕ್ಕೆ ಬೇರೆಯಾಗಬಹುದು. ಈಜುರೆಕ್ಕೆಯ ಅಂಚಿನ ಚೂರೊಂದರಿಂದಲೇ ಇದನ್ನು ಎಣಿಸಬಹುದಾಗಿರುವುದರಿಂದ ಮೀನನ್ನು ಕೊಲ್ಲಬೇಕಾದುದಿಲ್ಲ. ಒಂದು ಜಾತಿಗೆ ಸಿದ್ಧಪಡಿಸಿದ ಗುರುತುಗಳು ಅನೇಕವೇಳೆ ಸಾಲ್ಮನ್ ಮುಂತಾದ ಬಂಧುಜಾತಿಗಳಿಗೂ ಒದಗುತ್ತವೆ. ಆದರೆ ಈ ಕುಟುಂಬದ ಪೂರ್ವಜರಲ್ಲಿ ಸುಮಾರು ಎಂಟು ಹತ್ತು ಕೋಟಿ ವರ್ಷಗಳ ಹಿಂದೆ ವಂಶದ್ರವ್ಯವೆಲ್ಲ ಇಮ್ಮಡಿಯಾಯಿತು. ಆದ್ದರಿಂದ ಒಂದೇ ಸರ್ವೆ ನಂಬರು ಎರಡು ಜಮೀನುಗಳಿಗೆ ಬಿದ್ದಂತೆ, ಒಂದು ಗುರುತು ಎರಡು ಕಡೆ ತೋರಬಹುದು. ಅಂತಹ ಗುರುತುಗಳನ್ನು ಶೋಧಿಸಿ ಬಿಡತಕ್ಕದ್ದು. ಕಾಮನಬಿಲ್ಲು ಟ್ರೌಟಿನ ಇಡೀ ವಂಶದ್ರವ್ಯದ ಕರಡು ನಕ್ಷೆಯು 2014ರಲ್ಲಿ ಪ್ರಕಟವಾದುದು ಈ ಶೋಧನೆಗೆ ಬಹಳ ಸಹಾಯಕವಾಗಿದೆ.

ತಿನ್ನುವ ಮೀನಿಗೆ ಕುಲಗೋತ್ರದ ವಿಚಾರವೇಕೆಂದು ಕೆಲವರು ಆಕ್ಷೇಪಿಸಬಹುದು. ಪರೀಕ್ಷೆಗೆ ವೆಚ್ಚವಾಗುವುದೂ ನಿಜವೇ. ಆದರೆ ಹಾಲಿಗೆ ಬೆರೆತ ನೀರನ್ನು ಯಾರೂ ಮರಳಿ ತೆಗೆಯಲಾರರು. ನಮ್ಮ ಕೆರೆಗಳ ಕಾಟ್ಲಾ, ರೋಹು ಮೀನುಗಳು ಟ್ರೌಟಿನ ಬಳಗದವಲ್ಲವಾದರೂ, ಒಂದೇ ಕೊಳದಲ್ಲಿ ಮೊಟ್ಟೆಯಿಡಿಸಿದರೆ ಇವೂ ಬೆರೆಯುತ್ತವೆ. ಆ ಬೆರಕೆಗಳಿಗೂ ಸಂತಾನವುಂಟು. ಪ್ರತಿ ಗ್ರಾಮವೂ ಪ್ರಯೋಗಶಾಲೆಯನ್ನು ಸ್ಥಾಪಿಸಬೇಕೆಂದು ನಾವು ಹೇಳುವುದಿಲ್ಲ. ಪರೀಕ್ಷೆಯ ಭಾರವು ತಾಯಿಮೀನುಗಳನ್ನು ಸಾಕುವ ಮರಿಕೇಂದ್ರಗಳದು. ಮರಿಗಳನ್ನು ಕೊಳ್ಳುವಾಗ ಅವುಗಳ ತಂದೆತಾಯಿಗಳು ಯಾವುವೆಂದು ವಿಚಾರಿಸುವುದೂ, ತಕ್ಕ ಉತ್ತರ ದೊರೆಯದಿದ್ದಲ್ಲಿ ಕೊಳ್ಳದಿರುವುದೂ ಗ್ರಾಮದ ಮುಖಂಡರ ಮತ್ತು ಜಮೀನುದಾರರ ಕೆಲಸವಾಗಿರುತ್ತದೆ. ಕೊಳ್ಳುವವರು ಕೇಳತೊಡಗಿದರೆ ಮಾರುವವರು ಪರೀಕ್ಷಿಸತೊಡಗುವರು.